ಮನೆ ಸಾಲಿನ ಸೀಬೆ

ಹಣ್ಣಿನಲ್ಲಿ ವಿಷ ಹುಡುಕುವುದು ನನ್ನ ಕೆಲಸ. ಹೀಗೆಂದು ಹೇಳಿದರೆ ನೆಂಟರ ಮನೆಗಳಲ್ಲಿ ನನ್ನ ಮುಂದೆ ಹಣ್ಣಿನ ತಟ್ಟೆ ಇಡುವುದಕ್ಕೇ ಹೆದರುತ್ತಾರೆ. ಆದ್ದರಿಂದ "ಲ್ಯಾಬಲ್ಲಿದೀನಿ" ಎಂದಷ್ಟೇ ಹೇಳುತ್ತೇನೆ. ಅವರು ರಕ್ತ ಪರೀಕ್ಷೆಯ ಲ್ಯಾಬ್ ಎಂದುಕೊಂಡು ತಮ್ಮ ಸಕ್ಕರೆ ಕಾಯಿಲೆಯ ಕತೆ ತೆಗೆಯುತ್ತಾರೆ. ನಮ್ಮ ಲ್ಯಾಬ್ ಇರುವುದು ದೊಡ್ಡನೆಕ್ಕುಂದಿಯ ಕಾರ್ಖಾನೆಗಳ ನಡುವೆ. ಹೊರದೇಶಕ್ಕೆ ಹೊರಟ ದ್ರಾಕ್ಷಿ, ಮಾವು, ದಾಳಿಂಬೆಗಳು ಮೊದಲು ನಮ್ಮಲ್ಲಿಗೆ ಬಂದು, ಮಿಕ್ಸಿಯಲ್ಲಿ ರುಬ್ಬಿಸಿಕೊಂಡು, ತಮ್ಮ ಮೇಲೆ ಯಾವ ಯಾವ ಔಷಧಿ ಬಿದ್ದಿದೆ ಎಂದು ಯಂತ್ರದ ಮುಂದೆ ಒಪ್ಪಿಕೊಳ್ಳಬೇಕು. ಆಮೇಲೆಯೇ ವಿಮಾನ.

ನಾನು ಬೆಳೆದದ್ದು ಮರ್ಫಿ ಟೌನಿನಲ್ಲಿ, ಒಂದು ತುಳಸಿ ಕುಂಡ ಇಡುವುದಕ್ಕೂ ಪಕ್ಕದ ಮನೆಯವರೊಡನೆ ಜಗಳವಾಡಬೇಕಾದ ಓಣಿಯಲ್ಲಿ. ಮದುವೆಯಾಗಿ ಬಂದದ್ದು ಕೆ.ಆರ್. ಪುರದ ಆಚೆಯ ಒಂದು ಹಳೇ ಊರಿಗೆ. ಊರು ಎಂದರೆ ಈಗ ಒಂದು ದೇವಸ್ಥಾನ, ಒಂದು ಅರಳಿಕಟ್ಟೆ, ಸುತ್ತಲೂ ಅಪಾರ್ಟ್‌ಮೆಂಟುಗಳು. ಮಾವನವರ ಹೊಲಗಳೆಲ್ಲ ಬಾಡಿಗೆ ಮನೆಗಳಾಗಿದ್ದವು. ಉಳಿದದ್ದು ಮನೆಯ ಹಿಂದಿನ ಸೀಬೆ ತೋಟವೊಂದೇ. ಹೊಟ್ಟೆಪಾಡಿಗೆ ಅದು ಬೇಕಿರಲಿಲ್ಲ. ಆದರೆ ಮದುವೆ ಮನೆಯಲ್ಲಿ ಯಾರಾದರೂ "ಏನ್ ಮಾಡ್ಕೊಂಡಿದೀರಾ?" ಎಂದು ಕೇಳಿದಾಗ "ಬೇಸಾಯ" ಎನ್ನಲು ಮಾವನಿಗೆ ಅದು ಬೇಕೇ ಬೇಕಿತ್ತು. ಬಾಡಿಗೆ ವಸೂಲಿ ಮಾಡುತ್ತೇನೆ ಎಂದು ಮೀಸೆ ತಿರುವಿ ಹೇಳಲಾಗುತ್ತದೆಯೇ?

ಮದುವೆಯಾದ ಹೊಸದರಲ್ಲಿ ನನಗೆ ತಿಳಿದ ಮೊದಲ ಸಂಗತಿ ಮನೆ ಸಾಲು. ತೋಟದಲ್ಲಿ ಬಾವಿಯ ಪಕ್ಕದ ಒಂದು ಸಾಲು ಗಿಡಗಳಿಗೆ ಮಾತ್ರ ಔಷಧಿ ಹೊಡೆಯುತ್ತಿರಲಿಲ್ಲ. ಅವು ಮನೆಯವರು ತಿನ್ನಲು. ಉಳಿದ ಸಾಲುಗಳಿಗೆ ವಾರ ತಪ್ಪದೆ ಅಭಿಷೇಕ. ಅವು ಊರಿನವರಿಗೆ. ಗಾದೆಯಲ್ಲಿ ಮನೆಗೆ ಮಾರಿಯಾದವನು ಊರಿಗೆ ಉಪಕಾರಿ. ನಮ್ಮಲ್ಲಿ ಅದು ಉಲ್ಟಾ. ಈ ಮಾತು ಎತ್ತಿದಾಗಲೆಲ್ಲ ಮಾವ ನಗುತ್ತಿದ್ದರು.

"ಮಾರ್ಕೆಟ್ಟಿಗೆ ಹೋಗೋ ಹಣ್ಣು ಮಿರಮಿರ ಅನ್ಬೇಕಮ್ಮ. ಹುಳ ಇದ್ರೆ ಯಾರ್ ತಗೋತಾರೆ?"

"ಮನೇಲಿ ಹುಳ ಇದ್ರೆ?"

"ಹುಳ ಬಿಟ್ಟು ತಿಂತೀವಿ."

ಹೋದ ವರ್ಷ ನನ್ನ ಮೈದುನ ಆ ತೋಟದಲ್ಲಿ ಪೀಜಿ ಕಟ್ಟೋಣ ಎಂದು ಪಟ್ಟು ಹಿಡಿದ. ಸುತ್ತಮುತ್ತ ಅಷ್ಟೊಂದು ಆಫೀಸುಗಳು, ಅಷ್ಟೊಂದು ಮಕ್ಕಳು, ಮಲಗಲು ಮಂಚವಿಲ್ಲ ಎಂದು ಅವನಿಗೆ ಬಹಳ ಮರುಕ. ಮಣ್ಣು ಪರೀಕ್ಷೆಗೆಂದು ತೋಟದ ಮೂಲೆಯಲ್ಲಿ ಆಳವಾದ ಒಂದು ಗುಂಡಿಯನ್ನೂ ತೋಡಿಸಿಬಿಟ್ಟ. ನನ್ನ ಗಂಡ ಎಂದಿನಂತೆ ಅಪ್ಪನ ಮುಂದೆ ಅಪ್ಪನ ಕಡೆ, ತಮ್ಮನ ಮುಂದೆ ತಮ್ಮನ ಕಡೆ. ಕೊನೆಗೆ ಮಾವನೇ ಒಂದು ಮಾತು ಕೊಟ್ಟರು. ಈ ಫಸಲಿನಲ್ಲಿ ಒಂದೇ ಒಂದು ಸಲವಾದರೂ ತೋಟದ ಹಣ್ಣು ಹೊರದೇಶಕ್ಕೆ ಹೋದರೆ ತೋಟ ತೋಟವಾಗಿಯೇ ಇರಬೇಕು. ಹೋಗದಿದ್ದರೆ ಪೀಜಿಗೆ ಸಹಿ.

ಹೊರದೇಶದ ಹುಚ್ಚು ಹತ್ತಿಸಿದವರು ಶಿವಾಜಿನಗರದ ಒಬ್ಬ ಹಣ್ಣಿನ ವ್ಯಾಪಾರಿ. ಅಜ್ಜನ ಕಾಲದಿಂದ ಅದೇ ದಂಧೆ. ಅಂಗಡಿಯ ಹುಡುಗರ ಜೊತೆ ದಖ್ಖನಿ ಉರ್ದು, ನಮ್ಮ ಜೊತೆ ಒಳ್ಳೆಯ ಕನ್ನಡ. ಅವರು ತೋಟ ಸುತ್ತಿ, ಒಂದು ಹಣ್ಣು ಮೂಸಿ ನೋಡಿ, "ಯಜಮಾನ್ರೇ, ಮಾಲು ಫಸ್ಟ್ ಕ್ಲಾಸ್. ಆದ್ರೆ ದುಬೈಯವ್ರು ಹಣ್ಣು ಆಮೇಲೆ ನೋಡೋದು, ಮೊದ್ಲು ಲ್ಯಾಬ್ ರಿಪೋರ್ಟ್ ನೋಡ್ತಾರೆ" ಎಂದರು. ಮಾವ ನನ್ನ ಕಡೆ ತಿರುಗಿ ಒಂದು ನಗೆ ನಕ್ಕರು. ಸೊಸೆಯೇ ಲ್ಯಾಬಿನಲ್ಲಿರುವಾಗ ರಿಪೋರ್ಟಿಗೇನು ಬರ! ಮನೆಯವರ ಸ್ಯಾಂಪಲ್ಲನ್ನು ನಾನು ಮುಟ್ಟುವಂತೆಯೂ ಇಲ್ಲ, ಬೇರೆಯವರು ಮಾಡುತ್ತಾರೆ ಎಂದು ಹೇಳಿದೆ. ಆ ನಗೆ ಹೋಗಲು ಎರಡು ದಿನ ಬೇಕಾಯಿತು.

ಆದರೆ ಮಾವ ಮನಸ್ಸು ಮಾಡಿದರೆ ಮಾಡಿದಂತೆ. ಆ ಫಸಲಿಗೆ ಔಷಧಿ ನಿಂತಿತು. ವ್ಯಾಪಾರಿ ಕೊಟ್ಟ ಇಂಗ್ಲಿಷ್ ನಿಯಮಗಳನ್ನು ನನ್ನಿಂದ ಕನ್ನಡ ಮಾಡಿಸಿ, ಹಲಸೂರಿನ ಪೇಂಟರ್ ಒಬ್ಬನಿಂದ ದೊಡ್ಡ ಬೋರ್ಡು ಬರೆಸಿದರು. ಕೈ ತೊಳೆಯಬೇಕು. ದನ ಬಿಡಬಾರದು. ತೋಟದಲ್ಲಿ ಉಗುಳಬಾರದು. ಕೆಲಸಗಾರರ ಆರೋಗ್ಯ ಕಾಪಾಡಬೇಕು. ಜೀವಮಾನವಿಡೀ ಎಲೆ ಅಡಿಕೆ ಜಗಿದ ಮನುಷ್ಯ ಉಗುಳುವುದಕ್ಕೆಂದು ಗೇಟಿನಾಚೆ ರಸ್ತೆಗೆ ಹೋಗಿ ಬರತೊಡಗಿದರು. ಹಣ್ಣಿಗೆ ತೊಡಿಸುವ ಫೋಮಿನ ಬಲೆಗಳನ್ನೂ ಅವರೇ ಆರಿಸಿ ತಂದರು. ಎಲ್ಲರಂತೆ ಬಿಳಿಯದಲ್ಲ, ಕಣ್ಣು ಕುಕ್ಕುವ ಗುಲಾಬಿ. ದುಬೈಯಲ್ಲಿ ನಮ್ಮ ಹಣ್ಣು ಗುಂಪಿನಲ್ಲಿ ಎದ್ದು ಕಾಣಬೇಕಂತೆ. ಸ್ಯಾಂಪಲ್ ಲ್ಯಾಬಿಗೆ ಹೋದ ದಿನವೇ, ಪಾಸಾಗುವುದರಲ್ಲಿ ಅನುಮಾನವೇನು ಎಂದು, ಮಾರುವ ಸಾಲುಗಳನ್ನೆಲ್ಲ ಕೊಯ್ಲು ಮಾಡಿಸಿ ಬಲೆ ತೊಡಿಸಿ ಪೆಟ್ಟಿಗೆಗೆ ತುಂಬಿಸಿಯೂ ಬಿಟ್ಟರು.

ರಿಪೋರ್ಟ್ ಬಂತು. ಫೇಲ್.

ಪಕ್ಕದ ಮೇಜಿನ ಗೆಳತಿ ಕಾಗದ ನನ್ನ ಕೈಗಿತ್ತು, "ಏನೇ ಇದು, ಸೊಳ್ಳೆಗೆ ಹಾಕೋ ಔಷಧಿ ಸೀಬೆ ಮೇಲೆ ಹೆಂಗೆ ಬಂತು?" ಎಂದಳು. ಮನೆಗೆ ಹೋಗಿ ಮಾವನನ್ನು ಅದನ್ನೇ ಕೇಳಿದೆ. ಅವರು ಎದೆಯುಬ್ಬಿಸಿ ನನ್ನನ್ನು ಬೋರ್ಡಿನ ಮುಂದೆ ಕರೆದುಕೊಂಡು ಹೋದರು.

"ಓದು. ಕೆಲಸಗಾರರ ಆರೋಗ್ಯ. ಕಳೆ ಕೀಳೋ ಹೆಂಗಸ್ರಿಗೆ ಸೊಳ್ಳೆ ಕಚ್ತಿತ್ತು. ಪಕ್ಕದ ಅಪಾರ್ಟ್‌ಮೆಂಟ್‌ನೋರು ಹೊಗೆ ಹೊಡ್ಯೋನ್ನ ಕರ್ಸಿದ್ರು. ಕರ್ದು ಕಾಫಿ ಕೊಟ್ಟು, ನಮ್ ತೋಟಕ್ಕೂ ಒಂದ್ ರೌಂಡ್ ಹಾಕಪ್ಪ ಅಂದೆ. ದುಡ್ಡೂ ತಗೊಳ್ಲಿಲ್ಲ, ಪಾಪ."

ನನಗೆ ನಗುವೂ ಬಂತು, ಅಳುವೂ ಬಂತು. ಬೋರ್ಡಿನ ಆ ಸಾಲನ್ನು ಕನ್ನಡ ಮಾಡಿದವಳು ನಾನೇ. ಮಾವ ನನ್ನ ಮುಖ ನೋಡಿ, ಕೈಯಲ್ಲಿದ್ದ ಕಾಗದ ನೋಡಿ, ಮೆಲ್ಲನೆ ಬಾವಿ ಕಟ್ಟೆಯ ಮೇಲೆ ಕುಳಿತರು. ಅಷ್ಟು ದೊಡ್ಡ ಆಳು ಅಷ್ಟು ಚಿಕ್ಕದಾಗಿ ಕುಳಿತದ್ದನ್ನು ನಾನು ನೋಡಿರಲಿಲ್ಲ.

ಆಗ ಅಡುಗೆಮನೆಯ ಕಿಟಕಿಯಿಂದ ಅತ್ತೆಯ ದನಿ ಬಂತು. "ನನ್ ಸಾಲಿಗೆ ಅವನ್ನ ಬಿಟ್ಟಿಲ್ಲ. ಪೊರಕೆ ತಗೊಂಡು ಓಡ್ಸಿದೀನಿ."

"ಯಾಕೆ?" ಎಂದರು ಮಾವ.

"ಅಲ್ಲಿ ಬಟ್ಟೆ ಒಣಗಾಕಿದ್ದೆ. ಸೀರೆಗೆಲ್ಲ ಡೀಸೆಲ್ ವಾಸ್ನೆ ಹಿಡಿದ್ರೆ ನಿಮ್ಮಪ್ಪ ಒಗೀತಾನಾ?"

ಗಾಳಿಯೂ ಆ ದಿನ ಅತ್ತೆಗೆ ಹೆದರಿ ಆಚೆ ಕಡೆಗೇ ಬೀಸಿರಬೇಕು. ವ್ಯಾಪಾರಿ ಮನೆ ಸಾಲಿನ ಹಣ್ಣನ್ನು ಬೇರೆಯಾಗಿ ಲ್ಯಾಬಿಗೆ ಕೊಟ್ಟರು. ನೀರಿನಷ್ಟು ಶುದ್ಧ ಎಂದು ರಿಪೋರ್ಟ್ ಬಂತು. ದುಬೈಗೆ ಹೋಗಲು ಯೋಗ್ಯವಾದದ್ದು ಇಡೀ ತೋಟದಲ್ಲಿ ನಾವು ತಿನ್ನಲು ಇಟ್ಟುಕೊಂಡ ಹಣ್ಣು ಮಾತ್ರ. ನಾಲ್ಕು ಪೆಟ್ಟಿಗೆಯಾಯಿತು. ನನ್ನ ಮಗಳು ಸ್ಕೂಲಿನಿಂದ ಬಂದು ಉಪ್ಪು ಖಾರ ಹಚ್ಚಿಕೊಂಡು ತಿನ್ನುತ್ತಿದ್ದ ಗಿಡಗಳು ಬೋಳಾದವು. ಮೈದುನ ಮುಖ ಗಂಟು ಹಾಕಿಕೊಂಡ, ಆದರೆ ಮಾತು ಮಾತೇ. ತೋಟ ಉಳಿಯಿತು.

ಫೇಲಾದ ಪೆಟ್ಟಿಗೆಗಳ ಕಡೆ ವ್ಯಾಪಾರಿ ತಲೆ ಅಲ್ಲಾಡಿಸಿ, "ಇದ್ನ ನಾನು ಮುಟ್ಟಲ್ಲ ಯಜಮಾನ್ರೇ" ಎಂದು ಹೊರಟುಹೋದರು. ಮೈದುನ ಯಾರೋ ದಲ್ಲಾಳಿಗೆ ಫೋನ್ ಮಾಡಿದ. ನಾನು ಬೇಡವೆಂದೆ.

"ಲೋಕಲ್‌ಗೆ ತಾನೇಮ್ಮ," ಎಂದರು ಮಾವ. "ಇಷ್ಟ್ ವರ್ಷ ನಾವು ತಿಂದು ಬದುಕಿಲ್ವಾ?"

"ನಾವು ತಿಂದಿದ್ದು ಮನೆ ಸಾಲಿಂದು, ಮಾವ."

ಮಾವನಿಗೆ ತಟ್ಟನೆ ಕಿವಿ ಮಂದವಾಯಿತು. ನನಗೆ ಮೈಯೆಲ್ಲ ಉರಿಯಿತು. ದುಬೈಯ ಯಾರೋ ತಿನ್ನಬಾರದ್ದನ್ನು ಬಾಣಸವಾಡಿಯ ಯಾರೋ ತಿನ್ನಬಹುದು ಎನ್ನುವುದಾದರೆ ನಾನು ದಿನಾ ಆ ಲ್ಯಾಬಿಗೆ ಹೋಗುವುದಾದರೂ ಯಾಕೆ ಎಂದು ಕೂಗಾಡಿದೆ. ಟೆಂಪೋ ಬಂತು, ಗುಲಾಬಿ ಬಲೆಗಳ ಸಮೇತ ಪೆಟ್ಟಿಗೆಗಳು ಹೋದವು. ಅವತ್ತು ಮಾವನ ತಟ್ಟೆಗೆ ನಾನು ಅನ್ನ ಬಡಿಸಲಿಲ್ಲ, ಅತ್ತೆ ಬಡಿಸಿದರು.

ಮರುದಿನ ಸಂಜೆ ಮಗಳು ಬೋಳು ಗಿಡದ ಕೆಳಗೆ ನಿಂತು ರಾಗ ತೆಗೆದಳು. ಮೊಮ್ಮಗಳ ಅಳು ಮಾವನಿಗೆ ಸಹಿಸದು. ರಸ್ತೆಯಲ್ಲಿ ಹೋಗುತ್ತಿದ್ದ ತಳ್ಳುಗಾಡಿಯವನನ್ನು ಕೂಗಿ ಕರೆದರು. ನಾನು ಜಗಲಿಯ ಮೇಲೆ ಹೂ ಕಟ್ಟುತ್ತಿದ್ದೆ. ಗಾಡಿಯವನು ಗೇಟಿನ ಮುಂದೆ ಗಾಡಿ ನಿಲ್ಲಿಸಿ ಒಂದು ಹಣ್ಣನ್ನು ಎತ್ತಿ ತೋರಿಸಿದ.

"ಎಕ್ಸ್‌ಪೋರ್ಟ್ ಮಾಲು ಯಜಮಾನ್ರೇ. ದುಬೈಗೆ ಹೋಗೋದು. ನಿಮ್ಮ ಅದೃಷ್ಟ, ನಂಗೆ ಸಿಕ್ತು."

ಗಾಡಿಯ ತುಂಬ ಗುಲಾಬಿ ಬಣ್ಣ. ದುಬೈಯಲ್ಲಿ ಹೇಗೋ ಗೊತ್ತಿಲ್ಲ, ನಮ್ಮ ಬೀದಿಯಲ್ಲಂತೂ ನಮ್ಮ ಹಣ್ಣು ಚೆನ್ನಾಗಿ ಎದ್ದು ಕಾಣುತ್ತಿತ್ತು. ಮಗಳು "ತಾತಾ, ನಮ್ದೇ ಬಲೆ!" ಎಂದು ಕುಣಿದು, ಒಂದು ಹಣ್ಣನ್ನು ಕಿತ್ತುಕೊಂಡು ಬಾಯಿಗಿಟ್ಟಳು. ನಾನು ಏಳುವಷ್ಟರಲ್ಲಿ ಮಾವ ಅದನ್ನು ಅವಳ ಹಲ್ಲಿನಿಂದ ಕಸಿದಿದ್ದರು. ಅವಳ ಬಾಯಿಗೆ ಬೆರಳು ಹಾಕಿ ಕಚ್ಚಿದ ಚೂರನ್ನೂ ಹೊರಗೆ ತೆಗೆದರು. ಮಾಡಿದ್ದುಣ್ಣೋ ಮಹಾರಾಯ ಎನ್ನಲು ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ನೋಡಿ ನುಂಗಿಕೊಂಡೆ.

"ಒಳ್ಳೇ ಹಣ್ಣು ಯಜಮಾನ್ರೇ, ಯಾಕೆ ಹಂಗ್ ಕಿತ್ಕೊಂಡ್ರಿ?" ಎಂದ ಗಾಡಿಯವನು, ಮುನಿಸಿನಿಂದ.

ಮಾವ ಜೇಬಿಗೆ ಕೈ ಹಾಕಿ, "ಎಲ್ಲಾ ಹಾಕು" ಎಂದರು.

"ಎಲ್ಲಾನಾ? ಮನೇಲಿ ಫಂಕ್ಷನ್ನಾ?"

"ಹೂಂ, ಫಂಕ್ಷನ್ನು. ಇದೇ ಮಾಲು ಇನ್ಯಾರ ಗಾಡೀಲಿದೆ?"

ಕತ್ತಲಾಗುವಷ್ಟರಲ್ಲಿ ಸಿಕ್ಕ ಗಾಡಿಗಳೆಲ್ಲ ನಮ್ಮ ಗೇಟಿಗೆ ಬಂದವು. ಎಲ್ಲವೂ ಸಿಗಲಿಲ್ಲ, ಸಿಗುವುದೂ ಸಾಧ್ಯವಿರಲಿಲ್ಲ. ಆದರೂ ಆ ವರ್ಷ ನಮ್ಮ ತೋಟಕ್ಕೆ ದುಬೈಗಿಂತ ದೊಡ್ಡ ಗಿರಾಕಿ ಮಾವನೇ. ಅದೂ ಚೌಕಾಸಿಯಿಲ್ಲದೆ. ಕೊಂಡದ್ದನ್ನೆಲ್ಲ ಹೊತ್ತು ಮೈದುನ ತೋಡಿಸಿದ್ದ ಪೀಜಿ ಗುಂಡಿಗೆ ಸುರಿದೆವು. ಬಲೆಗಳನ್ನು ಬಿಚ್ಚಿ ಕೊಡುತ್ತಿದ್ದವಳು ನಾನು. ಮೈದುನನೇ ಸನಿಕೆ ಹಿಡಿದು ಮಣ್ಣು ಮುಚ್ಚಿದ.

ಮಾವ ಗುಂಡಿಯ ಅಂಚಿನಲ್ಲಿ ನಿಂತು, ಯಾರನ್ನೂ ನೋಡದೆ, "ಇನ್ಮೇಲೆ ಮನೆ ಸಾಲು ಅಂತ ಬೇರೆ ಬೇಡ. ಎಲ್ಲಾ ಮನೆ ಸಾಲೇ" ಎಂದರು.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು, "ಹಂಗಾದ್ರೆ ಎಲ್ಲಾ ಸಾಲಿಗೂ ಹಗ್ಗ ಕಟ್ಸಿ. ನಾಳೆಯಿಂದ ಎಲ್ಲಾ ಕಡೆ ಬಟ್ಟೆ ಒಣಗಾಕ್ತೀನಿ" ಎಂದರು.

ಮಾರನೆಯ ಬೆಳಿಗ್ಗೆ ಮಾವ ನಿಜವಾಗಿಯೂ ಹಗ್ಗ ತಂದರು.