ಕಂಬಕ್ಕೆ ಒರೆಸಿದ ಕೈ

ಹಳೆಯ ಕಟ್ಟಡಗಳ ಸಂರಕ್ಷಣೆ ಓದಿಕೊಂಡ ನನಗೆ ಸಿಕ್ಕ ಮೊದಲ ಕೆಲಸ, ಕೆ.ಆರ್. ಪೇಟೆ ಕಡೆಯ ಒಂದು ಹೊಯ್ಸಳ ಗುಡಿಯ ಕಂಬಗಳಿಂದ ಎಣ್ಣೆ ಜಿಡ್ಡು ತೆಗೆಯುವುದು. ಉಜ್ಜಿದರೆ ಕೆತ್ತನೆ ಹಾಳು. ಕಾಗದದ ತಿರುಳು, ಜೇಡಿಮಣ್ಣು, ಒಂದಿಷ್ಟು ದ್ರಾವಕ ಕಲಸಿ ಕಂಬಕ್ಕೆ ಮೆತ್ತಿ, ಅದು ಎಣ್ಣೆ ಹೀರಿ ಒಣಗುವವರೆಗೂ ಕಾಯುತ್ತಾ ಕೂರಬೇಕು.

ವಾರವಿಡೀ ನಾನು ತೆಗೆದದ್ದನ್ನು ಶನಿವಾರ ಜನ ವಾಪಸ್ ಕೊಡುತ್ತಿದ್ದರು. ಎಳ್ಳೆಣ್ಣೆ ದೀಪ ಹಚ್ಚಿ, ಕೈಗಂಟಿದ ಎಣ್ಣೆಯನ್ನು ಕಂಬಕ್ಕೆ ಒರೆಸಿ ಹೋಗುವರು. ಬೋರ್ಡು ಹಾಕಿದೆ, ಬೋರ್ಡಿಗೂ ಒರೆಸಿದರು. ಬಾಗಿಲಲ್ಲಿ ದಿನವೂ ದೀಪ ಮಾರುವ ಅಜ್ಜಿಯ ಮೇಲೆ ರೇಗಿದೆ.

"ಅಲ್ಲ ಕಣವ್ವ, ಅವ್ರು ಒರೆಸ್ದಿದ್ರೆ ನಿಂಗೆಲ್ಲೈತೆ ಕೆಲ್ಸ?" ಅಂದಳು, ಬತ್ತಿ ಹೊಸೆಯುತ್ತಲೇ.

ಮೈಯೆಲ್ಲ ಉರಿಯಿತು. ನನ್ನದು ಆರಾರು ತಿಂಗಳಿಗೆ ಮುಂದುವರಿಯುವ ಗುತ್ತಿಗೆ. ಬೇರೆ ಕಡೆ ಅರ್ಜಿ ಹಾಕಿದರೆ, "ಒಂದಾದರೂ ಕೆಲಸ ಪೂರ್ತಿ ಮುಗಿಸಿದ್ದೀರಾ?" ಎಂದು ಕೇಳುತ್ತಾರೆ. ಇದನ್ನು ಮುಗಿಸದೆ ಬಿಡುವಂತಿಲ್ಲ. ಇದು ಮುಗಿಯುವುದೂ ಇಲ್ಲ.

ಕೊನೆಗೆ ಶ್ರೀರಂಗಪಟ್ಟಣದಲ್ಲೊಂದು ಕೆಲಸಕ್ಕೆ ಸಂದರ್ಶನದ ಕರೆ ಬಂತು. ಆ ಶನಿವಾರ ಬೆಳಿಗ್ಗೆ ಅಜ್ಜಿಯಿಂದ ನಾನೂ ಒಂದು ದೀಪ ಕೊಂಡು ಹಚ್ಚಿದೆ. ಇಲ್ಲಿಂದ ಬಿಡಿಸಪ್ಪ ಎಂದು ಬೇಡಿಕೊಂಡೆ. ಫೈಲಿಗೆ ಎಣ್ಣೆ ಹತ್ತಬಾರದೆಂದು ಕೈ ಒರೆಸಿ ಬಸ್ಸಿಗೆ ಓಡಿದೆ. ಅಲ್ಲೂ ಅದೇ ಪ್ರಶ್ನೆ ಕೇಳಿ ಕಳಿಸಿದರು.

ಸೋಮವಾರ ಬಂದು ನೋಡಿದರೆ, ಹಿಂದಿನ ವಾರವಷ್ಟೇ ಸ್ವಚ್ಛವಾಗಿದ್ದ ಕಂಬದ ಮೇಲೆ ಹೊಸ ಬೆರಳಿನ ಗುರುತುಗಳು.

"ಯಾರ ಕೈ ಇದು?" ಎಂದು ಕಿರುಚಿದೆ.

ಅಜ್ಜಿ ತಲೆಯೆತ್ತದೆ ಹೇಳಿದಳು: "ಕೆಳಗಿರಾದು ಯಾರ್ದೋ ಗೊತ್ತಿಲ್ಲ ಕಣವ್ವ. ಮ್ಯಾಗಿರಾದು ನಿಂದೇ."