ಬೇಸ್ ಡಬ್ಬಿಗೆ ಹೊಸ ಸ್ಪೀಕರ್

ನಾನು ಬೇಸ್ ಗಿಟಾರ್ ಬಾರಿಸುವವನು. ಬಳ್ಳಾರಿಯಲ್ಲಿ ಹೀಗೆಂದರೆ ಜನ ಮೊದಲು ಕೇಳುವುದು, "ಇದಕ್ಕ ನಾಕಾ ತಂತಿ ಅದಾವಲ್ರಿ, ಉಳಿದವು ಎಲ್ಲಿ ಹೋದ್ವು?" ಅಂತ. ಮೈಯೆಲ್ಲ ಉರಿಯುತ್ತದೆ. ಮದುವೆ, ನಾಮಕರಣಗಳಿಗೆ ಹಾಡಲು ಹೋಗುವ ನಮ್ಮ ಆರ್ಕೆಸ್ಟ್ರಾದಲ್ಲಿ ಎಲ್ಲರೂ ಹಾಡುವವರನ್ನು ನೋಡುತ್ತಾರೆ, ಡ್ರಮ್ ನೋಡುತ್ತಾರೆ, ನನ್ನ ಕಡೆ ಯಾರ ಕಣ್ಣೂ ಬೀಳುವುದಿಲ್ಲ. ಆದರೆ ನಾನು ನಿಲ್ಲಿಸಿದರೆ ಕುಣಿಯುವವರ ಕಾಲು ತಡವರಿಸುತ್ತದೆ. ಅದು ನನಗೆ ಗೊತ್ತು, ಅದೇ ಮೇಳದಲ್ಲಿ ಹಾಡುವ ನನ್ನ ಹೆಂಡತಿಗೂ ಗೊತ್ತು.

ಗಿಟಾರಿನ ಸದ್ದು ಹೊರಡುವುದು ಒಂದು ದೊಡ್ಡ ಮರದ ಡಬ್ಬಿಯಿಂದ. ಅದರಲ್ಲಿ ಮೇಲೊಂದು, ಕೆಳಗೊಂದು ಸ್ಪೀಕರ್. ನಮ್ಮ ಬಿಸಿಲು, ಧೂಳು, ಟೆಂಪೋದ ಕುಲುಕಾಟ ಎಲ್ಲ ಸೇರಿ ಅವುಗಳ ಅಂಚು ಹರಿದುಹೋಗಿತ್ತು. ಹಳೆ ಬನಿಯನ್ ಬಟ್ಟೆಗೆ ಅಂಟು ಹಚ್ಚಿ ತೇಪೆ ಹಾಕಿಕೊಂಡು ಹೇಗೋ ದಿನ ದೂಡುತ್ತಿದ್ದೆ. ಸಿರುಗುಪ್ಪದ ಒಂದು ನಾಮಕರಣದಲ್ಲಿ ಆ ತೇಪೆಯೂ ಕಿತ್ತುಬಂತು. ತಂತಿ ಮೀಟಿದಾಗಲೆಲ್ಲ ಪರ್ರ್ ಪರ್ರ್! ಮುಂದೆ ಕೂತ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ತೊಟ್ಟಿಲಲ್ಲಿದ್ದ ಕೂಸು ಎದ್ದು ಕಿರುಚತೊಡಗಿತು.

ನಮ್ಮ ಮೇಳದ ಯಜಮಾನರು ಕೀಬೋರ್ಡ್ ಬಾರಿಸುತ್ತಾರೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಆದರೂ ಎಲ್ಲರ ಬಾಯಲ್ಲೂ ಅವರು ಮಾಸ್ತರು. ಸಾಮಾನು ಕಟ್ಟುವಾಗ ಹತ್ತಿರ ಬಂದರು.

"ಅಣ್ಣಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇನ್ನ ಮ್ಯಾಲೆ ಬೇಸ್ ನಾನಾ ಎಡಗೈಲೆ ಕೀಬೋರ್ಡಿನ್ಯಾಗ ಬಾರಿಸಿಬಿಡ್ತೀನಿ. ಈಗ ಭಾಳ ಮೇಳದಾಗ ಹಂಗ ನಡದೈತಿ. ಟೆಂಪೋದಾಗ ಜಾಗಾನೂ ಉಳಿತೈತಿ."

"ನಾ ಎರಡೂ ಕೈಲೆ ಮಾಡೋ ಕೆಲ್ಸ ನೀವು ಎಡಗೈಲೆ ಮಾಡ್ತೀರೇನು?" ಎಂದು ಹರಿಹಾಯ್ದೆ.

ಅವರಿಗೆ ಸಿಟ್ಟೇ ಬರುವುದಿಲ್ಲ, ಅದೇ ನನಗೆ ಇನ್ನೂ ಸಿಟ್ಟು. "ಕುರುಗೋಡಿನ ಮದುವಿ ಒಂದು ನೋಡೂಣ್ರಿ. ಸರಿಹೋತಂದ್ರ ನಡೀಲಿ. ಇಲ್ಲಾಂದ್ರ ಡಬ್ಬಿ ಮನ್ಯಾಗ ಇರ್ಲಿ," ಅಂದರು.

ಡಬ್ಬಿ ಮನೆಯಲ್ಲಿದ್ದರೆ ನಾನೂ ಮನೆಯಲ್ಲಿ. ಹೊಟ್ಟೆಪಾಡಿಗೆ ಬೇರೆ ಕೆಲಸವಿದೆ, ನಿಜ. ಆದರೆ ಹೆಂಡತಿ ಸೀರೆಯುಟ್ಟು ಟೆಂಪೋ ಹತ್ತಿ ಹೋಗುವುದು, ನಾನು ಬಾಗಿಲಲ್ಲಿ ನಿಂತು ನೋಡುವುದು, ಅದು ನನ್ನಿಂದಾಗದ ಮಾತು. ಕೂಡಲೇ ಹೊಸ ಸ್ಪೀಕರುಗಳಿಗೆ ಹೇಳಿಬಂದೆ.

ಬೆಂಗಳೂರು ರೋಡಿನ ಅಂಗಡಿಯವನು ಹಳೆ ಅಳತೆಯದೇ ಹೊಸ ಜೋಡಿ ತರಿಸಿಕೊಟ್ಟಾಗ ಮದುವೆಯ ಹಿಂದಿನ ದಿನ ಸಂಜೆಯಾಗಿತ್ತು. ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ಡಬ್ಬಿ ಬಿಚ್ಚಿ ಕೂತೆ. ಸ್ಪೀಕರಿನ ಬೆನ್ನಿಗೆ ಎರಡು ತಗಡಿನ ಕಿವಿಗಳಿರುತ್ತವೆ. ಒಂದರ ಪಕ್ಕ ಕೆಂಪು ಚುಕ್ಕೆ. ಕೆಂಪು ವೈರು ಆ ಕಿವಿಗೆ, ಕರಿ ವೈರು ಇನ್ನೊಂದಕ್ಕೆ ಸಿಕ್ಕಿಸಬೇಕು, ಅಷ್ಟೆ. ಮೇಲಿನದನ್ನು ಕೂರಿಸಿದೆ. ಕೆಳಗಿನದನ್ನು ಎತ್ತಿಕೊಳ್ಳುವಷ್ಟರಲ್ಲಿ ಹೆಂಡತಿ ತಟ್ಟೆ ಹಿಡಿದು ಬಂದಳು.

"ಏನ್ರೀ, ಹೊಸಾ ಸಾಮಾನು, ಹಂಗಾ ಕೂಡ್ರಿಸ್ತೀರೇನು?"

ನಮ್ಮ ಮನೆಯಲ್ಲಿ ಬೈಕಿನಿಂದ ಮಿಕ್ಸಿಯವರೆಗೆ ಯಾವುದೂ ವಿಭೂತಿ ಕುಂಕುಮವಿಲ್ಲದೆ ಕೆಲಸ ಶುರು ಮಾಡಿದ್ದಿಲ್ಲ. ಸುಮ್ಮನೆ ಮುಂದೆ ಹಿಡಿದೆ. ಅದರ ಬೆನ್ನ ಮೇಲೆ ಒದ್ದೆ ವಿಭೂತಿಯ ಮೂರು ಪಟ್ಟೆ ಎಳೆದು ಕುಂಕುಮವಿಟ್ಟು ಕೈಮುಗಿದಳು. ಅಷ್ಟರಲ್ಲಿ ಹೊರಗೆ ಟೆಂಪೋ ಹಾರ್ನ್ ಬಡಿಯತೊಡಗಿತು. ಕೆಂಪು ಕಂಡ ಕಿವಿಗೆ ಕೆಂಪು ವೈರು ಸಿಕ್ಕಿಸಿ, ಸ್ಕ್ರೂ ತಿರುವಿದೆ. ಬಾರಿಸಿ ನೋಡೋಣವೆಂದರೆ ಕರೆಂಟ್ ಇರಲಿಲ್ಲ.

ಕುರುಗೋಡಿನ ಕಲ್ಯಾಣ ಮಂಟಪದಲ್ಲಿ ಮುಹೂರ್ತ ಮುಗಿದು ಅಕ್ಕಿಕಾಳು ಬಿದ್ದಿತ್ತು, ಜನ ಊಟಕ್ಕೆ ಏಳುತ್ತಿದ್ದರು. ನಾನು ತಂತಿ ಮೀಟಿದೆ. ಹಳೆ ಪರ್ರ್ ಇಲ್ಲ. ಆದರೆ ಬೇಸೂ ಇಲ್ಲ! ತಗಡಿನ ಡಬ್ಬಿ ಬಡಿದಂತೆ ಸಪ್ಪೆ ಸದ್ದು. ಮಾಸ್ತರು ನನ್ನತ್ತ ನೋಡಿ, ಎಡಗೈಯನ್ನು ಕೀಬೋರ್ಡಿನ ಬೇಸ್ ತುದಿಗೆ ಸರಿಸಿದರು. ನನಗೆ ಅಳುವೇ ಬಂದಂತಾಯಿತು. ಅಂಗಡಿಯವನಿಗೆ ಹಿಡಿಶಾಪ ಹಾಕಿದೆ.

"ಅವಗ ಆಮ್ಯಾಲೆ ಬೈರಿ, ಮೊದ್ಲು ಬಿಚ್ಚಿ ನೋಡ್ರಿ," ಎಂದಳು ಹೆಂಡತಿ.

ಅವಳ ಕೈಯಲ್ಲಿದ್ದ ವೈರಿಲ್ಲದ ಮೈಕಿನಿಂದ ಒಂದು ಸೆಲ್ ತೆಗೆದು, ಮುಂದಿನ ಜಾಲರಿ ಬಿಚ್ಚಿ, ಡಬ್ಬಿಯ ವೈರಿಗೆ ಸೆಲ್ ಮುಟ್ಟಿಸಿದೆ. ಎರಡೂ ಒಂದೇ ಕಡೆ ಪುಟಿಯಬೇಕಿತ್ತು. ಆದರೆ ಮೇಲಿನ ಸ್ಪೀಕರ್ ಮುಂದಕ್ಕೆ ಪುಟಿಯಿತು, ಕೆಳಗಿನದು ಹಿಂದಕ್ಕೆ ಸರಿಯಿತು. ಒಂದು ದೂಡಿದ ಗಾಳಿಯನ್ನು ಇನ್ನೊಂದು ನುಂಗುತ್ತಿತ್ತು. ಕೆಳಗಿನದನ್ನು ಹೊರತೆಗೆದು ಬೆನ್ನು ನೋಡಿದೆ. ಕಂಪನಿಯ ಕೆಂಪು ಚುಕ್ಕೆ ವಿಭೂತಿಯ ಪಟ್ಟೆಯಡಿ ಮುಚ್ಚಿಹೋಗಿತ್ತು. ನಾನು ನಂಬಿದ ಕೆಂಪು ಇನ್ನೊಂದು ಕಿವಿಯ ಪಕ್ಕ ಅವಳಿಟ್ಟ ಕುಂಕುಮ.

ಬೈಯಲು ಬಾಯಿ ತೆರೆದೆ. ಅವಳ ಮುಖ ನೋಡಿದರೆ ಬೈಗುಳ ಹೊರಡಲಿಲ್ಲ, ನಗು ಬಂತು. ಕರವಸ್ತ್ರ ತೆಗೆದು ಒರೆಸಲು ಹೋದರೆ ಕೈ ಹಿಡಿದಳು. "ಮದುವಿ ಮನ್ಯಾಗ ಕುಂಕುಮ ಒರಸ್ತಾರೇನ್ರಿ? ವೈರ್ ಬದಲ್ ಮಾಡ್ರಿ ಸಾಕು!"

ವೈರು ಬದಲಿಸಿದೆ. ಮತ್ತೆ ತಂತಿ ಮೀಟಿದಾಗ, ಅಬ್ಬಾ! ವೇದಿಕೆಯ ಹಲಗೆ ನನ್ನ ಅಂಗಾಲಿಗೆ ಗುಂಯ್ ಎಂದಿತು. ಊಟಕ್ಕೆ ಹೊರಟಿದ್ದ ಹೆಣ್ಣಿನ ಸೋದರಮಾವ ಬಾಗಿಲಿನಿಂದಲೇ ತಿರುಗಿ ಬಂದು ಪಂಚೆ ಎತ್ತಿ ಕಟ್ಟಿ ಕುಣಿದರು. ಹಿಂದೆಯೇ ಬೀಗರೂ ಬಂದರು. ಊಟದ ಪಂಗ್ತಿ ಅರ್ಧ ಖಾಲಿಯಾಯಿತೆಂದು ಅಡುಗೆಯವರು ಗೊಣಗಿದರು. ಅಂದು ನಾನು ಎಷ್ಟು ಸುಖವಾಗಿ ಬಾರಿಸಿದೆನೆಂದರೆ, ಬೆರಳ ತುದಿ ಸುಲಿದದ್ದು ಮನೆಗೆ ಬಂದು ಕೈತೊಳೆಯುವವರೆಗೂ ತಿಳಿಯಲಿಲ್ಲ.

ಹಾಡು ಮುಗಿದು ಸಾಮಾನು ಕಟ್ಟುವಾಗ ಮಾಸ್ತರು ಬಂದು ಪಕ್ಕದಲ್ಲಿ ನಿಂತರು.

"ಅಣ್ಣಾ, ಇನ್ನ ನನ್ನ ಎಡಗೈಗೆ ಏನ್ ಕೆಲ್ಸ ಐತಿ ಹೇಳ್ರಿ?"

"ಐತಲ್ಲ," ಅಂದೆ. "ಈ ಡಬ್ಬಿಗೆ ಎರಡು ಹಿಡಿಕಿ ಅದಾವ. ಆ ಕಡೀದು ಹಿಡೀರಿ."

ಅವರು ಬಗ್ಗಿ ಹಿಡಿದರು.