ಬಿಡದೆ ಕೂತವರ ಪಟ್ಟಿ

ಸಿಡ್ನಿಯಲ್ಲಿ ನಾನು ಹನ್ನೊಂದು ವರ್ಷ ಒಬ್ಬ ಸೆನೆಟರರ ಆಫೀಸಿನಲ್ಲಿ ಕೆಲಸ ಮಾಡಿದೆ. ಸೆನೆಟ್ ಎಂದರೆ ಆಸ್ಟ್ರೇಲಿಯಾದ ಪಾರ್ಲಿಮೆಂಟಿನ ಮೇಲ್ಮನೆ, ನಮ್ಮ ರಾಜ್ಯಸಭೆ ಇದ್ದ ಹಾಗೆ. ಆದರೆ ಇಲ್ಲಿ ಜನರೇ ವೋಟು ಹಾಕಿ ಆರಿಸುತ್ತಾರೆ. ಸದನ ಕೂಡುವುದು ಕ್ಯಾನ್‌ಬೆರಾದಲ್ಲಿ. ನಮ್ಮದು ಸಿಡ್ನಿಯ ಪ್ಯಾರಮ್ಯಾಟಾದಲ್ಲಿದ್ದ ನಾಲ್ಕು ಜನರ ಚಿಕ್ಕ ಆಫೀಸು. ಫೋನು ಎತ್ತುವುದು, ವೀಸಾ ತೊಡಕಿನವರ ಅಳಲು ಕೇಳುವುದು, ಶಾಲೆಗಳಿಗೆ ಬಾವುಟ ಕಳಿಸುವುದು, ನೂರು ತುಂಬಿದ ಅಜ್ಜ ಅಜ್ಜಿಯರಿಗೆ ಅಭಿನಂದನೆಯ ಪತ್ರ ಸಿದ್ಧಪಡಿಸುವುದು, ಇವೆಲ್ಲ ನನ್ನ ಪಾಲು. ಇದರ ಜೊತೆಗೆ ಯಾರೂ ಹೇಳದೆ ನಾನೇ ಮೈಮೇಲೆ ಹಾಕಿಕೊಂಡ ಇನ್ನೊಂದು ಕೆಲಸವಿತ್ತು. ಸೆನೆಟರುಗಳ ಹಿರಿತನದ ಪಟ್ಟಿಯನ್ನು ತಲೆಯಲ್ಲಿ ಇಟ್ಟುಕೊಳ್ಳುವುದು.

ಒಂದು ಸಮಾರಂಭಕ್ಕೆ ಇಬ್ಬರು ಸೆನೆಟರುಗಳು ಬಂದರು, ಇಬ್ಬರೂ ಮಂತ್ರಿಗಳಲ್ಲ ಎಂದಿಟ್ಟುಕೊಳ್ಳಿ. ಮೊದಲು ಯಾರ ಹೆಸರು ಹೇಳಬೇಕು? ವಯಸ್ಸು ನೋಡುವಂತಿಲ್ಲ, ಓದು ನೋಡುವಂತಿಲ್ಲ, ಎಷ್ಟು ವೋಟು ಬಿತ್ತು ಎಂದು ಕೇಳುವಂತೆಯೂ ಇಲ್ಲ. ನಮ್ಮ ಆಫೀಸಿನ ರೂಢಿಯಲ್ಲಿ ಸದನದಲ್ಲಿ ಯಾವತ್ತಿನಿಂದ ಇದ್ದಾರೆ ಎನ್ನುವುದೊಂದೇ ಮುಖ್ಯ. ಸಾಮಾನ್ಯವಾಗಿ ಜುಲೈ ಒಂದರಂದು ಒಂದು ಗುಂಪೇ ಒಟ್ಟಿಗೆ ಅವಧಿ ಆರಂಭಿಸುವುದರಿಂದ ಅವರೆಲ್ಲ ಸಮ. ಇಡೀ ಸದನದಲ್ಲಿ ಅತಿ ಹೆಚ್ಚು ಕಾಲ ಬಿಡದೆ ಕೂತವರಿಗೆ ‘ಸದನದ ತಂದೆ’ ಎಂಬ ಹೆಸರೂ ಉಂಟು. ಅದಕ್ಕೆ ಅಧಿಕಾರವೇನೂ ಇಲ್ಲ, ಬರೀ ಗೌರವ. ‘ಬಿಡದೆ’ ಎನ್ನುವುದು ಅಲ್ಲಿ ಬಹಳ ದೊಡ್ಡ ಮಾತು. ನಾನು ಸೇರುವ ಮೊದಲು ನಮ್ಮ ಸೆನೆಟರ್ ಒಂದು ಚುನಾವಣೆ ಸೋತು, ಮೂರು ವರ್ಷ ಹೊರಗಿದ್ದು, ಮತ್ತೆ ಗೆದ್ದು ಬಂದಿದ್ದರು. ಹಿಂದಿನ ವರ್ಷಗಳೆಲ್ಲ ನೀರಿಗೆ ಹೋಗಿ, ಅವರು ಬೆಳೆಸಿದ ಹುಡುಗರ ಹಿಂದೆ ಅವರ ಹೆಸರು ಬಂತು. ನನಗೆ ಇದು ಕ್ರೂರ ಅನ್ನಿಸಲಿಲ್ಲ, ಅಚ್ಚುಕಟ್ಟು ಅನ್ನಿಸಿತು. ಯಾರ ಮುಖ ನೋಡಿಯೂ ಮಣೆ ಹಾಕದ ನಿಯಮ ಎಂದು ಹೊಗಳುತ್ತಿದ್ದೆ.

ಹೊಗಳುವುದಕ್ಕೆ ನನ್ನದೂ ಒಂದು ಕಾರಣವಿತ್ತು. ಆ ಆಫೀಸಿನಲ್ಲಿ ಬೇರೆಯವರು ಬಂದರು, ಹೋದರು. ಹನ್ನೊಂದು ವರ್ಷ ಬಿಡದೆ ಕೂತವಳು ನಾನೊಬ್ಬಳೇ. ನಾಲ್ಕು ಜನರ ಪಟ್ಟಿಯಲ್ಲಿ ಒಂದನೆಯವಳು ಎಂದು ಜಂಬಪಡುವುದು ನಗೆಪಾಟಲೇ ಸರಿ, ಆದರೂ ಪಡುತ್ತಿದ್ದೆ.

ಆ ವರ್ಷಗಳ ನಡುವೆ ನನಗೆ ಮಗಳು ಹುಟ್ಟಿದಳು. ಆಗ ನಾವು ಹ್ಯಾರಿಸ್ ಪಾರ್ಕ್ ಬಡಾವಣೆಯ ಒಂದು ಯೂನಿಟ್ಟಿನಲ್ಲಿ, ಅಂದರೆ ಫ್ಲಾಟಿನಲ್ಲಿ, ರೆಂಟಿಗಿದ್ದೆವು. ಮಗುವಿಗೆ ಆರು ತಿಂಗಳಾದರೂ ಚೈಲ್ಡ್‌ಕೇರಿನಲ್ಲಿ ಜಾಗ ಸಿಗಲಿಲ್ಲ. ಕೆಲಸ ಬಿಡುವುದೇ ಸರಿ ಎಂದು ಮನೆಯಲ್ಲಿ ಮಾತಾಗಿತ್ತು. ಆಗ ಮೇಲಿನ ಮಹಡಿಗೆ ಬೆಳಗಾವಿ ಕಡೆಯ ಒಬ್ಬ ಆಂಟಿ ಬಂದರು. ಅವರ ಮನೆ ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ. ಸಿಡ್ನಿಯಲ್ಲಿದ್ದ ಮಗಳ ಕೂಸನ್ನು ನೋಡಿಕೊಳ್ಳಲು ಬಂದವರು. ಮೆಟ್ಟಿಲ ಮೇಲೆ ನನ್ನ ಅಳುಮೋರೆ ಕಂಡು ವಿಷಯ ಕೇಳಿದರು. ಕೇಳಿ, “ಒಂದ ಕೂಸಿಗೆ ಉಣಸೂದೂ ಅಷ್ಟ, ಎರಡಕ್ಕ ಉಣಸೂದೂ ಅಷ್ಟ. ನಾಳೆ ಮುಂಜಾನೆ ತಂದು ಬಿಡು,” ಎಂದರು. ಮರುದಿನ ಏಳೂವರೆಗೆ ಬಿಟ್ಟೆ. ಹಾಗೆ ಬಿಡುತ್ತಾ ನಾಲ್ಕು ವರ್ಷ ಕಳೆಯಿತು. ನನ್ನ ಮಗಳು ಮೊದಲು ಕಲಿತ ಕನ್ನಡ ‘ವಲ್ಯಾ’, ಅಂದರೆ ‘ಬೇಡ’, ಎನ್ನುವುದು. ಮೈಸೂರಿನ ನನ್ನ ತಾಯಿ ಫೋನಿನಲ್ಲಿ ಅದನ್ನು ಕೇಳಿ ಬೆಚ್ಚಿಬಿದ್ದರು.

ಕೂಸುಗಳಿಗೆ ತುತ್ತಿಡುತ್ತಾ ಆಂಟಿ ಮೆಲ್ಬರ್ನಿನ ಕನ್ನಡ ಬಳಗದ ಕಥೆ ಹೇಳುತ್ತಿದ್ದರು. ಬಳಗ ಶುರುವಾದದ್ದೇ ಅವರ ಗ್ಯಾರೇಜಿನಲ್ಲಿ. ಹನ್ನೊಂದು ಜನ, ಪಕ್ಕದ ಮನೆಯಿಂದ ತಂದ ಕುರ್ಚಿಗಳು, ಒಂದು ದೊಡ್ಡ ಪಾತ್ರೆ ಅವಲಕ್ಕಿ. ಮಕ್ಕಳು ಶಾಲೆಗೆ ಸೇರುವ ಹೊತ್ತಿಗೆ ಅವರು ಮೆಲ್ಬರ್ನಿಗೆ ಹಿಂತಿರುಗಿದರು. ಕೆಲವು ವರ್ಷಗಳ ಮೇಲೆ ಗಂಡನ ಕೆಲಸದಿಂದಾಗಿ ನಾವೂ ಅದೇ ಊರಿಗೆ ಬಂದು, ಕ್ರೇಗಿಬರ್ನಿನಲ್ಲಿ ಮಾರ್ಟ್‌ಗೇಜಿನ ಮನೆ ಹಿಡಿದೆವು.

ಬಳಗಕ್ಕೆ ಇಪ್ಪತ್ತೈದು ವರ್ಷ ತುಂಬುವ ಸಂಭ್ರಮ ಹತ್ತಿರ ಬಂತು. ಆಂಟಿ ಫೋನು ಮಾಡಿ, “ಈ ಸಲ ದೀಪಾ ಹಚ್ಚಾಕ ನನ್ನ ಕರೀತಾರ. ಇಳಕಲ್ ಸೀರಿ ತಗದ ಇಟ್ಟೀನಿ, ಸೆರಗಿನ ಬಣ್ಣ ಇನ್ನೂ ಚಲೋ ಐತಿ,” ಎಂದು ಮಕ್ಕಳ ಹಾಗೆ ಖುಷಿಪಟ್ಟರು. ಅವರ ಪಾಲಿಗೆ ಅದು ಸಣ್ಣ ಆಸೆಯಾಗಿರಲಿಲ್ಲ. ಮೊಣಕಾಲು ನೋವಿನಿಂದ ಎರಡು ವರ್ಷ ಯಾವ ಕಾರ್ಯಕ್ರಮಕ್ಕೂ ಹೋಗಿರಲಿಲ್ಲ. ಹೊಸಬರಲ್ಲಿ ಅರ್ಧ ಜನಕ್ಕೆ ಅವರು ಯಾರೆಂದೇ ಗೊತ್ತಿರಲಿಲ್ಲ.

ಆ ವಾರವೇ ಬಳಗದ ಅಧ್ಯಕ್ಷರು ನನಗೆ ಫೋನು ಮಾಡಿದರು. ಬೆಂಗಳೂರಿನವರು, ಐಟಿ ಕೆಲಸ, ಒಳ್ಳೆಯ ಮನುಷ್ಯ. ಆದರೆ ಜಗಳ ಎಂದರೆ ಬೆವರುತ್ತಾರೆ.

“ಮೇಡಂ, ದೀಪಕ್ಕೆ ಐದೇ ಬತ್ತಿ. ಹಚ್ಚೋಕೆ ಇಪ್ಪತ್ತು ಜನ ರೆಡಿ ಇದಾರೆ. ಒಬ್ರು ನಾನು ಫಸ್ಟ್ ಬಂದೆ ಅಂತಾರೆ, ಇನ್ನೊಬ್ರು ನಂಗೆ ಫಸ್ಟ್ ಪಿಆರ್ ಆಯ್ತು ಅಂತಾರೆ. ನೀವು ಪಾರ್ಲಿಮೆಂಟಲ್ಲಿ ಇದ್ದೋರು, ಒಂದು ರೂಲ್ ಬರೆದು ಕೊಡಿ. ಹೆಸರುಗಳು...”

“ಹೆಸರು ಮಾತ್ರ ಹೇಳಬೇಡಿ ಸರ್,” ಎಂದು ನಾನು ತಡೆದೆ. “ಹೆಸರು ಗೊತ್ತಾದ್ರೆ ರೂಲ್ ಸೊಟ್ಟ ಆಗುತ್ತೆ.”

ಆ ಮಾತು ಆಡಿದ ಗತ್ತು ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ. ಸೆನೆಟಿನ ಪದ್ಧತಿಯನ್ನೇ ಹಿಡಿದು ಅರ್ಧ ಗಂಟೆಯಲ್ಲಿ ಬರೆದು ಕಳಿಸಿದೆ. ವಯಸ್ಸು, ಹುದ್ದೆ, ಇಲ್ಲಿ ಕಾಯಂ ಆಗಿ ನೆಲೆಸಲು ಸಿಗುವ ಪಿಆರ್ ಯಾವುದೂ ಬೇಡ. ಬಳಗದ ಸದಸ್ಯತ್ವದ ದಿನಾಂಕವೊಂದೇ ಆಧಾರ. ಗಂಡ ಹೆಂಡತಿಯನ್ನು ಬೇರೆ ಬೇರೆ ಎಣಿಸಬೇಕು. ಸದಸ್ಯತ್ವ ತಪ್ಪಿಸಿ ಮತ್ತೆ ಸೇರಿದವರಿಗೆ ಎರಡನೆಯ ಸಲ ಸೇರಿದ ದಿನವೇ ದಿನ. ಕಮಿಟಿಯವರು ಶಹಬ್ಬಾಸ್ ಎಂದರು. ಆಂಟಿ ಯಾವ ನಿಯಮ ಹಾಕಿದರೂ ಮೊದಲನೆಯವರೇ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಶುಕ್ರವಾರ ನನ್ನ ನಿಯಮದ ಸಮೇತ ಪಟ್ಟಿ ಬಳಗದ ವಾಟ್ಸಾಪ್ ಗುಂಪಿಗೆ ಬಂತು. ಮೊದಲ ಐವರಲ್ಲಿ ಆಂಟಿ ಇರಲಿಲ್ಲ. ಹತ್ತರಲ್ಲೂ ಇರಲಿಲ್ಲ. ಕಣ್ಣು ತಪ್ಪಿತೇನೋ ಎಂದು ಮತ್ತೆ ಮೇಲಿನಿಂದ ನೋಡಿದೆ. ಮೂವತ್ತನಾಲ್ಕನೆಯ ಸ್ಥಾನದಲ್ಲಿ ಅವರ ಹೆಸರಿತ್ತು. ಅಧ್ಯಕ್ಷರು ಐದನೆಯವರು. ಅವರಿಗೇ ಫೋನು ಹಚ್ಚಿದೆ.

“ನಿಮ್ಮ ರೂಲ್ ಪ್ರಕಾರವೇ ಮೇಡಂ,” ಎಂದರು ಅವರು. “ನಡುವೆ ನಾಲ್ಕು ವರ್ಷ ರಿನ್ಯೂ ಮಾಡಿಲ್ಲ. ಸಿಡ್ನಿಗೆ ಹೋಗಿಬಿಟ್ಟಿದ್ರಂತೆ.”

ಫೋನು ಕೆಳಗಿಟ್ಟು ಅಡುಗೆಮನೆಯ ಸ್ಟೂಲಿನ ಮೇಲೆ ಕೂತೆ. ಬಳಗದವರ ಪಾಲಿಗೆ ಅವು ಆಂಟಿ ಬಿಟ್ಟುಹೋದ ವರ್ಷಗಳು. ನನ್ನ ಪಾಲಿಗೆ ಅವು ಆಂಟಿ ಇದ್ದ ವರ್ಷಗಳು. ಅದಕ್ಕೇ ನಿಯಮ ಬರೆಯುವಾಗ ಅವರ ಸೇವೆಯಲ್ಲಿ ಬಿರುಕಿದೆ ಎಂದು ನನಗೆ ಹೊಳೆದಿರಲಿಲ್ಲ. ನಾನು ಹನ್ನೊಂದು ವರ್ಷ ಬಿಡದೆ ಕೂತಿದ್ದು ಅವರು ನಾಲ್ಕು ವರ್ಷ ಬಿಟ್ಟು ಬಂದಿದ್ದರಿಂದ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಶನಿವಾರ ಬೆಳಗ್ಗೆ ಊರಿನ ಈ ತುದಿಯಿಂದ ಆ ತುದಿಗೆ, ಗ್ಲೆನ್ ವೇವರ್ಲಿಗೆ ಕಾರು ಓಡಿಸಿದೆ. ಆಂಟಿ ಶೇಂಗಾ ಹುರಿದು ಸಿಪ್ಪೆ ತೆಗೆಯುತ್ತಿದ್ದರು. ನನ್ನನ್ನು ಕಂಡು ನಗಲಿಲ್ಲ.

“ಪಟ್ಟಿ ನೋಡೀನಿ,” ಎಂದರು. “ಆ ಅಧ್ಯಕ್ಷಗ ಇಷ್ಟ ಚಂದ ಬರ್ಯಾಕ ಬರಂಗಿಲ್ಲ. ಇದು ನಿನ್ನ ಕೆಲಸಾ ಅಂತ ಆಗಲೇ ತಿಳೀತು.”

“ತಪ್ಪಾಯ್ತು ಆಂಟಿ. ನಿಮ್ಮನ್ನ ಯೋಚನೆ ಮಾಡ್ಲಿಲ್ಲ.”

“ಅದ ಬ್ಯಾಸರ ನೋಡು. ಬೇಕಂತ ಮಾಡಿದ್ದರ ಜಗಳಾ ಆದ್ರೂ ಆಡತಿದ್ದೆ,” ಎಂದು ಮೊರದಲ್ಲಿದ್ದ ಶೇಂಗಾವನ್ನು ಜೋರಾಗಿ ಕೇರಿದರು. “ಆವತ್ತ ನಾ ಬರಂಗಿಲ್ಲ. ನಾ ಕಟ್ಟಿದ ಮನ್ಯಾಗ ಮೂವತ್ನಾಕನೇದಾಕಿ ಆಗಿ ಕುಂಡ್ರಾಕ ನನಗ ಆಗೂದಿಲ್ಲ.”

ಚಹಾ ಕೊಟ್ಟರು, ಆದರೆ ಊಟಕ್ಕೆ ಏಳು ಎನ್ನಲಿಲ್ಲ. ಆ ಮನೆಯಿಂದ ನಾನು ಉಣ್ಣದೆ ಬಂದದ್ದು ಅದೊಂದೇ ದಿನ.

ನನಗೆ ಸಿಟ್ಟು ಬಂದರೆ ಬುದ್ಧಿ ಚುರುಕಾಗುತ್ತದೆ; ಆವತ್ತು ಬಂದ ಸಿಟ್ಟು ನನ್ನ ಮೇಲೇ. ಭಾನುವಾರ ಮಧ್ಯಾಹ್ನ ಅಧ್ಯಕ್ಷರ ಮನೆಯಲ್ಲಿ ಕಮಿಟಿ ಸೇರಿತ್ತು. ಕರೆಯದಿದ್ದರೂ ಹೋಗಿ, ನಿಯಮ ತಿದ್ದಬೇಕು ಎಂದೆ.

“ಒಬ್ರಿಗೋಸ್ಕರ ಚೇಂಜ್ ಮಾಡೋದು ಸರಿನಾ ಮೇಡಂ? ಹೆಸರು ನೋಡಬಾರದು ಅಂದಿದ್ದು ನೀವೇ,” ಎಂದರು ಅಧ್ಯಕ್ಷರು. ನಾನೇ ತೋಡಿದ ಹಳ್ಳಕ್ಕೆ ನನ್ನನ್ನೇ ಚೆನ್ನಾಗಿ ಕೆಡವಿದರು.

“ಹೆಸರು ಈಗಲೂ ಬೇಡ,” ಎಂದೆ. “ಸೆನೆಟಲ್ಲಿ ಜಾಗ ಹೋಗೋದು ಯಾವಾಗ? ಜನ ಸೋಲಿಸಿದ್ರೆ, ಇಲ್ಲ ಅವರೇ ಬೇಡ ಅಂತ ರಾಜೀನಾಮೆ ಕೊಟ್ರೆ. ಕೂಸು ನೋಡ್ಕೊಳ್ಳೋಕೆ, ಕಾಯಿಲೆಯವರನ್ನ ನೋಡ್ಕೊಳ್ಳೋಕೆ ಅಂತ ಊರು ಬಿಟ್ಟವರನ್ನ ನಿಮ್ಮಲ್ಲಿ ಯಾರು ಸೋಲಿಸಿದ್ರು? ಅವರು ಬಳಗ ಬೇಡ ಅಂದ್ರಾ? ಇಲ್ಲಿ ಬಿಡದೆ ಕೂತಿರೋ ಒಬ್ಬೊಬ್ಬರೂ ಹೇಳಿ, ನೀವು ಬಿಡದೆ ಕೂರೋಕೆ ನಿಮ್ಮ ಮನೇಲಿ ಯಾರೂ ಏನೂ ಬಿಡಲಿಲ್ವಾ?”

ಅಧ್ಯಕ್ಷರು ಒಳಗೆ ಬೋಂಡಾ ಕರಿಯುತ್ತಿದ್ದ ಹೆಂಡತಿಯ ಕಡೆ ಒಮ್ಮೆ ನೋಡಿದರು. ಆಕೆ ಎರಡು ಹೆರಿಗೆಯ ನಡುವೆ ತಮ್ಮ ಸದಸ್ಯತ್ವ ಬಿಟ್ಟವರೆಂದು ಪಟ್ಟಿಯಲ್ಲಿದ್ದ ದಿನಾಂಕಗಳೇ ಹೇಳುತ್ತಿದ್ದವು. ಇನ್ನೊಬ್ಬರನ್ನು ಸಾಕಲು, ಆರೈಕೆ ಮಾಡಲು ಹೋದ ಕಾಲವನ್ನು ಬಿರುಕೆಂದು ಎಣಿಸಬಾರದು ಎಂಬ ಒಂದು ಸಾಲು ಸೇರಿತು. ಪಟ್ಟಿ ಮತ್ತೆ ಬರೆದಾಗ ಹೆಂಗಸರು ಸಾಲಾಗಿ ಮೇಲೆದ್ದರು. ಅಧ್ಯಕ್ಷರು ಐದರಿಂದ ಒಂಬತ್ತಕ್ಕೆ ಇಳಿದು ದೀಪದಿಂದ ದೂರವಾದರು. “ಇರ್ಲಿ ಬಿಡಿ ಮೇಡಂ,” ಎಂದರು. ಮುಖ ಮಾತ್ರ ಬೋಂಡಾ ತಿಂದರೂ ಅರಳಲಿಲ್ಲ. ಅರವತ್ತೊಂದನೆಯವಳಾಗಿದ್ದ ನಾನು ಎಪ್ಪತ್ತಕ್ಕೆ ಇಳಿದೆ. ಆಂಟಿ ಒಂದನೆಯವರು.

ಗೆದ್ದ ಉಮೇದಿನಲ್ಲಿ ಅಲ್ಲಿಂದಲೇ ಆಂಟಿಗೆ ಫೋನು ಮಾಡಿ ನನ್ನ ಭಾಷಣವನ್ನು ಪೂರ್ತಿ ಒಪ್ಪಿಸಿದೆ.

“ಚಲೋ ಮಾತಾಡೀದಿ,” ಎಂದರು ಕೊನೆಗೆ. “ಅದರಾಗ ಯಾರ ಕೂಸಿನ್ನ ನೋಡ್ಕೊಂಡೆ ಅಂತ ಹೇಳಿದೇನು?”

“ಹೆಸರು ಹೇಳಬಾರದು ಅಂತ...”

“ನನ್ನ ಹೆಸರಲ್ಲ. ನಿಂದು.”

ಅಷ್ಟು ಹೊತ್ತು ಊರವರ ಮನೆಯ ಮಾತೆಲ್ಲ ಆಡಿ ನನ್ನ ಮನೆಯದನ್ನು ಜಾಣತನದಿಂದ ನುಂಗಿಕೊಂಡಿದ್ದೆ. ಸೆನೆಟರರ ಆಫೀಸಿನ ಹಿರಿಯಳು ಎಂಬ ನನ್ನ ಹೆಸರಿಗೆ ಅಲ್ಲಿ ಒಂದು ಗೀರೂ ಬೀಳದ ಹಾಗೆ ನೋಡಿಕೊಂಡಿದ್ದೆ. ಆಂಟಿ, “ಇರಲಿ. ಅಕ್ಕಿ ತೊಳ್ಯಾಕ ಇಟ್ಟೀನಿ,” ಎಂದು ಫೋನು ಇಟ್ಟರು. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ಸಂಭ್ರಮದ ದಿನ ಶಾಲೆಯೊಂದರ ಸಭಾಂಗಣದಲ್ಲಿ ಕಾರ್ಯಕ್ರಮ. ನಿರೂಪಣೆ ನನ್ನದೇ. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಆಂಟಿ ಕೋಲೂರುತ್ತಾ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತದ್ದು ಕಂಡಿತು. ನನ್ನ ಕೈಯಲ್ಲಿದ್ದ ಹಾಳೆಯಲ್ಲಿ ಐದು ಹೆಸರುಗಳಿದ್ದವು, ಓದಿದರೆ ಮುಗಿಯುತ್ತಿತ್ತು. ನಾನು ಹಾಳೆಯನ್ನು ಮಡಚಿದೆ.

“ಮೊದಲನೆಯವರನ್ನ ಕರೆಯೋ ಮುಂಚೆ ನನ್ನದೊಂದು ಮಾತಿದೆ,” ಎಂದೆ. “ಈ ಬಳಗ ಹುಟ್ಟಿದ್ದು ಇವರ ಗ್ಯಾರೇಜಿನಲ್ಲಿ. ನಡುವೆ ನಾಲ್ಕು ವರ್ಷ ಇವರ ಹೆಸರು ನಿಮ್ಮ ರಿಜಿಸ್ಟರಲ್ಲಿ ಇಲ್ಲ. ಆ ನಾಲ್ಕು ವರ್ಷ ಇವರು ಸಿಡ್ನಿಯಲ್ಲಿ ತಮ್ಮ ಮೊಮ್ಮಗುವಿನ ಜೊತೆ ನನ್ನ ಮಗಳನ್ನೂ ಸಾಕಿದ್ರು. ನಾನು ಹನ್ನೊಂದು ವರ್ಷ ಬಿಡದೆ ಕೆಲಸ ಮಾಡಿದೆ ಅಂತ ನಿಮಗೆಲ್ಲ ಹೇಳ್ಕೊಂಡು ತಿರುಗಿದೀನಿ. ಅದರಲ್ಲಿ ನಾಲ್ಕು ವರ್ಷ ನನ್ನದಲ್ಲ, ಇವರದು.”

ಮುಂದಿನ ಸಾಲಿನಲ್ಲಿದ್ದ ನನ್ನ ಮಗಳು ಎದ್ದು ಹೋಗಿ ಆಂಟಿಯ ತೋಳು ಹಿಡಿದು ಕರೆತಂದಳು. ಅವರು ನಿಧಾನವಾಗಿ ಮೂರು ಮೆಟ್ಟಿಲು ಹತ್ತಿದರು. ದೀಪದ ಮುಂದೆ ನಿಂತರು. ಅಧ್ಯಕ್ಷರು ಹಚ್ಚುವ ಮೇಣದಬತ್ತಿ ಕೊಡಲು ಹೋದರೆ ಅದನ್ನು ಬಿಟ್ಟು, ನನ್ನ ಕಡೆ ಕೈ ಚಾಚಿ ಮೈಕು ಇಸಿದುಕೊಂಡರು.

“ನಾಕ ವರ್ಷ ಅಲ್ಲ,” ಎಂದರು ಆಂಟಿ. “ನಾಕ ವರ್ಷ, ಮೂರ ತಿಂಗಳಾ.”